ಲಿಫ್ಟಿನ ಕಡೆಗೆ ಆಫ್ರಿಕಾ

ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡೇ ಜಾತಿ: ಓನರು ಮತ್ತು ಟೆನೆಂಟು. ಓನರುಗಳಲ್ಲೂ ಒಂದು ಮೇಲುಪಂಕ್ತಿಯಿದೆ. ಕಟ್ಟಡದ ಬುನಾದಿ ತೋಡುವಾಗಲೇ ಮುಂಗಡ ಕೊಟ್ಟವರು ಅವರು. ತಮ್ಮನ್ನು ತಾವು ‘ಒರಿಜಿನಲ್ ಓನರ್ಸ್’ ಎಂದು ಕರೆದುಕೊಳ್ಳುತ್ತಾರೆ. ಹಾಗೆ ಹೇಳುವಾಗ ಅವರ ಕುತ್ತಿಗೆ ಸ್ವಲ್ಪ ಉದ್ದವಾಗುವುದನ್ನು ನಾನು ಗಮನಿಸಿದ್ದೇನೆ. ನಾವು ಬಾಡಿಗೆಯವರು. ಬಾಡಿಗೆಯವರು ಮೇಂಟೆನೆನ್ಸ್ ಕೊಡಬಹುದು, ಲಿಫ್ಟ್ ಹತ್ತಬಹುದು, ಮೀಟಿಂಗಿಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತು ಚಹಾ ಕುಡಿಯಬಹುದು. ಮಾತಾಡುವಂತಿಲ್ಲ. ಹಾಗೆಂದು ಲಿಫ್ಟಿನೊಳಗೆ ಕನ್ನಡಿಯ ಪಕ್ಕದಲ್ಲೇ ಅಂಟಿಸಿದ್ದಾರೆ, ತಲೆ ಬಾಚಿಕೊಳ್ಳುವಾಗಲೂ ನೆನಪಿರಲಿ ಎಂದು.

ನಾನು ಕಾನ್ವೆಂಟಿನಲ್ಲಿ ಓದಿದವಳು. ನನ್ನ ಕಾಲು ತುಳಿದವರಿಗೂ ನಾನೇ ‘ಸಾರಿ’ ಹೇಳುವುದನ್ನು ಅಲ್ಲಿ ಕಲಿಸಿದ್ದರು. ಆದ್ದರಿಂದ ಈ ಕಾನೂನು ನನಗೆ ಅಷ್ಟೇನೂ ಚುಚ್ಚಲಿಲ್ಲ. ಚುಚ್ಚಿದ್ದು ಮಾವನವರಿಗೆ.

ಮಾವನವರು ಸರ್ವೇ ಕಚೇರಿಯಲ್ಲಿದ್ದು ನಿವೃತ್ತರಾದವರು. ಬೀದರಿನ ಆಚೀಚೆ, ಆಮೇಲೆ ತೆಲಂಗಾಣದ ಊರೂರಲ್ಲಿ ಸರಪಳಿ ಎಳೆದು ಹೊಲಗಳ ಗಡಿ ಅಳೆದವರು. ಹೋದಲ್ಲೆಲ್ಲ ಬದುವಿನ ಎರಡೂ ಕಡೆಯವರು ‘ಇದು ಮೊದಲಿಂದ ನಮ್ಮದೇ’ ಎಂದು ಹೇಳುವುದನ್ನು ಕೇಳಿ ಕೇಳಿ, ‘ಮೊದಲಿಂದ’ ಎಂಬ ಮಾತಿನ ಮೇಲೆಯೇ ಅವರಿಗೆ ಒಂದು ಗುಮಾನಿ ಹುಟ್ಟಿತ್ತು. ನಿವೃತ್ತಿಯ ನಂತರ ಅದು ಓದಿನ ಚಟವಾಯಿತು. ಮನುಷ್ಯ ಮೊದಲು ಎಲ್ಲಿದ್ದ, ಆಫ್ರಿಕಾದಿಂದ ಯಾವ ದಾರಿಯಲ್ಲಿ ಹೊರಟ, ನಮ್ಮ ಕಡೆಗೆ ಹೇಗೆ ಬಂದ. ಪತ್ರಿಕೆಗಳಿಂದ ಕತ್ತರಿಸಿದ ನಕಾಶೆಗಳು ಹಾಸಿಗೆಯ ಕೆಳಗೆ ಸೇರಿದವು. ರಾತ್ರಿ ಮಗ್ಗುಲಾದರೆ ಖಂಡಗಳು ಚರಚರ ಎನ್ನುತ್ತಿದ್ದವು.

ಊಟಕ್ಕೆ ಕೂತಾಗ ಅವರು ಆ ಮಾತು ಎತ್ತುತ್ತಿದ್ದರು. ದಾರಿ ಎರಡಂತೆ. ಒಂದು ಉತ್ತರದ್ದು: ನೈಲ್ ನದಿಯ ಗುಂಟ ಮೇಲೆ ಹೋಗಿ, ಸಿನಾಯ್ ಮರುಭೂಮಿ ದಾಟಿ ಬರುವುದು. ಇನ್ನೊಂದು ದಕ್ಷಿಣದ್ದು: ಕೆಂಪು ಸಮುದ್ರದ ಬಾಯಿ ಕಿರಿದಾಗುವಲ್ಲಿ ದಾಟಿ, ಅರಬಸ್ತಾನದ ದಂಡೆ ಹಿಡಿದು, ಮೀನು ಚಿಪ್ಪು ತಿನ್ನುತ್ತ, ನಮ್ಮ ಪಶ್ಚಿಮ ಕರಾವಳಿಗೆ ಬಂದು, ಮುಂದೆ ಆಸ್ಟ್ರೇಲಿಯಾದವರೆಗೂ. ಯಾವುದು ಖರೆ ಎಂಬುದು ಪಂಡಿತರಿಗೇ ಇನ್ನೂ ಬಗೆಹರಿದಿಲ್ಲ. ಎರಡೂ ಇದ್ದಿರಬಹುದು ಎನ್ನುತ್ತಾರಂತೆ. ಮಾವನವರ ಒಲವು ದಕ್ಷಿಣದ ಕಡೆಗಿತ್ತು.

ಅತ್ತೆಯವರು ಚಿಪ್ಪಿನ ಮಾತಿಗೇ ರೊಟ್ಟಿ ಬಡಿಯುವುದು ನಿಲ್ಲಿಸಿದರು.

“ನಮ್ಮ ಮಂದಿ ಚಿಪ್ಪಿನ ಹುಳಾ ತಿಂದ್ಕೋತ ಬಂದ್ರಂತೀರಿ?”

“ಆವಾಗ ನಮ್ಮ ಮಂದಿ, ನಿಮ್ಮ ಮಂದಿ ಅಂತ ಎಲ್ಲಿತ್ತು?”

“ಅದೇನರ ಇರಲಿ. ಉತ್ತರದ ದಾರಿನಽ ಛಲೋ. ಆ ಕಡಿಂದ ಬಂದಿದ್ರ ಕಾಶಿ ಮ್ಯಾಲೆ ಹಾಯ್ದು ಬಂದಿರ್ತಾರ.”

ನನ್ನ ಗಂಡ ಮಣಿಕೊಂಡದ ಕಡೆ ಆಫೀಸಿಗೆ ಹೋಗುವವರು. ಅವರಿಗೂ ದಿನಾ ಎರಡು ದಾರಿ. ಯಾವುದರಲ್ಲಿ ಟ್ರಾಫಿಕ್ ಕಡಿಮೆ ಇತ್ತೋ ಅದರಲ್ಲೇ ಬಂದಿರುತ್ತಾರೆ ಎಂದು ಫೋನಿನಿಂದ ತಲೆಯೆತ್ತದೆ ತೀರ್ಪು ಕೊಟ್ಟರು. ಮಗಳು ಅಷ್ಟರಲ್ಲಿ ಕೈ ತೊಳೆದಾಗಿತ್ತು. ಮಾವನವರು ಮಜ್ಜಿಗೆ ಕುಡಿದು ಎದ್ದರು. ಜಿಲ್ಲೆಯ ಅಧಿಕಾರಿಗಳೂ ಎದುರು ನಿಂತು ಕೇಳುತ್ತಿದ್ದ ಆ ಗಂಟಲಿಗೆ ಈಗ ಉಳಿದಿದ್ದ ಶ್ರೋತೃವೆಂದರೆ, ಗ್ಯಾಸ್ ಬುಕ್ ಮಾಡುವಾಗ ‘ಒಂದನ್ನು ಒತ್ತಿ’ ಎನ್ನುವ ಹೆಣ್ಣುದನಿ ಮಾತ್ರ. ಆಕೆಗೆ ಅವರು ‘ಒತ್ತಿದೆರಿ’ ಎಂದು ಉತ್ತರ ಕೊಡುತ್ತಿದ್ದರು.

ಈ ವಿಷಯದಲ್ಲಿ ಆಸಕ್ತಿಯಿದ್ದ ಇನ್ನೊಬ್ಬರಿದ್ದರು, ನಮ್ಮ ಅಸೋಸಿಯೇಷನ್ನಿನ ಅಧ್ಯಕ್ಷರು. ಒರಿಜಿನಲ್ ಓನರು, ಮೂರನೇ ಮಹಡಿ, ಬ್ಯಾಂಕಿನಿಂದ ನಿವೃತ್ತರು. ಬೆಳಿಗ್ಗೆ ಎದ್ದ ಕೂಡಲೇ ಫೋನಿಗೆ ಬಂದ ಜ್ಞಾನವನ್ನು ಹಲ್ಲುಜ್ಜುವ ಮೊದಲೇ ಎಲ್ಲರಿಗೂ ಹಂಚುವ ಉದಾರಿಗಳು. ಮನುಷ್ಯ ಹುಟ್ಟಿದ್ದೇ ಈ ನೆಲದಲ್ಲಿ, ಇಲ್ಲಿಂದಲೇ ಹೊರಟು ಆಫ್ರಿಕಾ, ಯುರೋಪು, ಎಲ್ಲ ಕಡೆಗೂ ಹೋದದ್ದು ಎಂಬುದು ಅವರ ಗಟ್ಟಿ ನಂಬಿಕೆ. ಮಾವನವರು ಲಿಫ್ಟಿನಲ್ಲಿ ಒಮ್ಮೆ ಮೆಲ್ಲಗೆ, ತಮ್ಮ ಸರ್ವಿಸ್ ತೆಲುಗಿನಲ್ಲಿ, ಹಾಗಲ್ಲ ಎಂದು ಶುರು ಮಾಡಿದರು. ಅಧ್ಯಕ್ಷರು ನಗುತ್ತ ಕನ್ನಡಿಯ ಪಕ್ಕದ ಕಾಗದದ ಕಡೆ ಕಣ್ಣು ಹಾಯಿಸಿದರಂತೆ. ಮಾವನವರು ಮೂರನೇ ಮಹಡಿಯಲ್ಲೇ ಇಳಿದು ಉಳಿದ ಮಹಡಿಗಳನ್ನು ಮೆಟ್ಟಿಲಲ್ಲಿ ಹತ್ತಿ ಬಂದರು.

ಗಣಪತಿ ಹಬ್ಬ ಬಂತು. ಇಲ್ಲಿ ಪ್ರತಿ ಅಪಾರ್ಟ್‌ಮೆಂಟಿಗೂ ಒಬ್ಬ ಗಣಪತಿ. ಕಾರು ನಿಲ್ಲಿಸುವ ಸೆಲ್ಲಾರಿನಲ್ಲಿ, ಹಿಂದಿನ ಗೋಡೆಗೆ ಬೆನ್ನುಕೊಟ್ಟು, ಬಣ್ಣದ ದೀಪಗಳ ಕೆಳಗೆ ಕೂರುತ್ತಾನೆ. ದಿನಾ ಸಂಜೆ ಕಾರ್ಯಕ್ರಮ: ತಂಬೋಲ, ಅಂತ್ಯಾಕ್ಷರಿ, ಮಕ್ಕಳ ಡಾನ್ಸ್, ಕೊನೆಯ ದಿನ ಲಡ್ಡು ಹರಾಜು. ಮೀಟಿಂಗಿನಲ್ಲಿ ಮಾತಾಡಬಾರದೆಂಬ ಕಾನೂನು ಹಬ್ಬಕ್ಕೆ ಅನ್ವಯಿಸುವುದಿಲ್ಲ ಎಂಬುದನ್ನು ಕಂಡುಹಿಡಿದವರು ಮಾವನವರೇ. ಜೀವನವಿಡೀ ಸರ್ಕಾರಿ ಆದೇಶಗಳ ಸಂದಿಯಲ್ಲಿ ದಾರಿ ಹುಡುಕಿದವರು. ಹೋಗಿ ಕೇಳಿದರು. ಅಧ್ಯಕ್ಷರು ಧಾರಾಳವಾಗಿ ಒಪ್ಪಿದರು: ಭಾನುವಾರ, ಹೆಂಗಸರ ತಂಬೋಲ ಮುಗಿದ ಮೇಲೆ, ಮಕ್ಕಳ ಡಾನ್ಸಿಗೆ ಮೊದಲು, ಅರ್ಧ ತಾಸು.

“ಅರ್ಧ ತಾಸು,” ಎಂದು ಮನೆಗೆ ಬಂದು ಹೇಳಿದರು. “ಅಷ್ಟು ಸಾಕು ನನಗ.”

ಅಂದಿನಿಂದ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಭಾಷಣ ಅಭ್ಯಾಸ ಮಾಡತೊಡಗಿದರು. ನೀರಿನ ಸದ್ದಿನಲ್ಲಿ ನಮಗೆ ಕೇಳುವುದಿಲ್ಲ ಎಂದುಕೊಂಡಿದ್ದರು. ನೀರಿಗಾಗಿ ಟ್ಯಾಂಕರಿನ ದಾರಿ ಕಾಯುವ ಊರಿನಲ್ಲಿ ಅದು ಅವರು ಮಾಡಿದ ಏಕೈಕ ದುಂದು. ಅತ್ತೆಯವರು ಸಹ ಆ ನಲ್ಲಿಯ ಬಗ್ಗೆ ಒಂದು ಮಾತು ಆಡಲಿಲ್ಲ.

ನಕಾಶೆಯ ಕೆಲಸ ನನ್ನ ಪಾಲಿಗೆ ಬಂತು. ಪ್ರೊಜೆಕ್ಟರು ತಂಬೋಲಕ್ಕೆ ಮೀಸಲು, ಅಂಕಿಗಳನ್ನು ದೊಡ್ಡದಾಗಿ ತೋರಿಸಬೇಕಲ್ಲ. ಹಾಗಾದರೆ ನೆಲದ ಮೇಲೆ ರಂಗೋಲಿಯಲ್ಲಿ ಪ್ರಪಂಚ ಬರೆದುಕೊಡು ಎಂದರು ಮಾವನವರು. ಕಲಬುರಗಿಯ ಕಾನ್ವೆಂಟಿನಲ್ಲಿ ನಮ್ಮ ಭೂಗೋಳದ ಸಿಸ್ಟರು ದಂಡೆಯ ಗುಂಟ ನೀಲಿ ಪೆನ್ಸಿಲನ್ನು ಮಲಗಿಸಿ ಹಗುರವಾಗಿ ತೀಡುವುದನ್ನು ಕಲಿಸಿದ್ದರು. ಸಮುದ್ರ ಗೆರೆ ದಾಟಿ ನೆಲಕ್ಕೆ ಬಂದರೆ ಅವರಿಗೆ ಅದು ಪಾಪಕ್ಕೆ ಸಮ. ಭಾನುವಾರ ಮಧ್ಯಾಹ್ನ ಸೆಲ್ಲಾರಿಗೆ ಇಳಿದು ನೀಲಿ ಪುಡಿ ಹಿಡಿದಾಗ ಆ ಸಿಸ್ಟರು ನನ್ನ ಹಿಂದೆಯೇ ನಿಂತಿದ್ದರು.

ಗಣಪತಿ ಕೂತ ಗೋಡೆಯನ್ನು ಉತ್ತರ ಮಾಡಿಕೊಂಡೆ. ಆಗ ಎಡಗಡೆಗೆ ಲಿಫ್ಟು, ಅಲ್ಲಿ ಆಫ್ರಿಕಾ. ಬಲಗಡೆಗೆ ರಸ್ತೆಗೆ ಹತ್ತುವ ಗೇಟು, ಅತ್ತ ನಮ್ಮ ದೇಶ, ಅದರಲ್ಲಿ ಹೈದರಾಬಾದಿಗೆ ಒಂದು ಕುಂಕುಮದ ಚುಕ್ಕೆ. ಯಾರದೋ ಸ್ಕೂಟರಿನ ಎಣ್ಣೆಯ ಕಲೆ ಸರಿಯಾಗಿ ಅರಬ್ಬಿ ಸಮುದ್ರದಲ್ಲಿ ಬಂತು. ಇರಲಿ ಎಂದು ಬಿಟ್ಟೆ. ಆದರೆ ಆಸ್ಟ್ರೇಲಿಯಾ ಬರುವ ಜಾಗದಲ್ಲಿ ಅಧ್ಯಕ್ಷರ ಕಾರು ನಿಂತಿತ್ತು. ಸ್ವಲ್ಪ ಸರಿಸುತ್ತೀರಾ ಎಂದು ಕೇಳಿ ಕಳಿಸಿದೆ. ಅದು ಅವರ ರಿಜಿಸ್ಟರಾದ ಪಾರ್ಕಿಂಗ್ ಎಂಬ ಉತ್ತರ ಬಂತು. ಹೀಗೆ ಆಸ್ಟ್ರೇಲಿಯಾಕ್ಕೆ ಮನುಷ್ಯರು ಹೋಗಲಿಲ್ಲ.

ಅಷ್ಟರಲ್ಲಿ ಅತ್ತೆಯವರು ಅಕ್ಕಿಹಿಟ್ಟಿನ ಬಟ್ಟಲು ಹಿಡಿದು ಇಳಿದು ಬಂದರು. ನಮ್ಮಲ್ಲಿ ಗಣಪತಿಯ ಹಿಂದೆಯೇ ಜ್ಯೇಷ್ಠಾ ಗೌರಿ ಬರುತ್ತಾಳೆ. ಮೊದಲ ದಿನ ಬರುವುದು, ಎರಡನೇ ದಿನ ಹೋಳಿಗೆಯ ಊಟ, ಮೂರನೇ ದಿನ ಹೋಗುವುದು. ಬರುವ ದಿನ ಹೊಸಲಿನಿಂದ ಅಡುಗೆಮನೆ, ಅಕ್ಕಿಡಬ್ಬಿ, ಕಪಾಟು, ಎಲ್ಲದರ ಮುಂದೆ ಹಾಯಿಸಿ ಪೀಠದವರೆಗೆ ಅವಳ ಹೆಜ್ಜೆ ಬರೆಯಬೇಕು. ಹಿಟ್ಟಿನ ನೀರಿನಲ್ಲಿ ಮುಷ್ಟಿಯ ಮಗ್ಗುಲು ಅದ್ದಿ ನೆಲಕ್ಕೆ ಒತ್ತಿದರೆ ಪಾದ. ಅದರ ತಲೆಗೆ ಬೆರಳ ತುದಿಯಿಂದ ಐದು ಚುಕ್ಕೆ ಇಟ್ಟರೆ ಬೆರಳು. ಬೆರಳು ಯಾವ ಕಡೆಗೋ ನಡಿಗೆ ಆ ಕಡೆಗೆ. ಅತ್ತೆಯವರು ಈ ಸಲ ಲಿಫ್ಟಿನ ನೆಲಕ್ಕೂ ಒಂದು ಜೋಡಿ ಒತ್ತಿದ್ದರು, ದೇವಿ ಮೆಟ್ಟಿಲು ಹತ್ತಿ ದಣಿಯಬಾರದೆಂದು. ಲಿಫ್ಟು ಅವಳನ್ನು ದಿನವಿಡೀ ಎಲ್ಲ ಮಹಡಿಗಳಿಗೂ ಹೊತ್ತುಕೊಂಡು ತಿರುಗಿತು.

ಆ ಭಾನುವಾರ ಎರಡನೇ ದಿನ. ಗೌರಿ ಮೇಲೆ ಮನೆಯಲ್ಲಿ ಹೊಸ ಸೀರೆಯುಟ್ಟು ಕೂತಿದ್ದಳು.

ಹೆಜ್ಜೆಗಳನ್ನು ತಾವೇ ಒತ್ತಿಕೊಡುತ್ತೇನೆಂದು ಅತ್ತೆಯವರು ಮಣೆ ಹಾಕಿ ಕೂತರು. ಆಚೆಮನೆಯ ಹೆಂಗಸರೂ ನಾಲ್ಕಾರು ಜನ ಕೂತರು. ನಾನು ಆಫ್ರಿಕಾದಿಂದ ಹೈದರಾಬಾದಿನ ಚುಕ್ಕೆಯವರೆಗೆ ಎರಡೂ ದಾರಿಗಳನ್ನು ಸುಣ್ಣದ ಗೆರೆಯಲ್ಲಿ ತೋರಿಸಿ, ಹಸಿರು ಪುಡಿ ತರಲು ಮೇಲೆ ಹೋದೆ. ಇಳಿದು ಬರುವಷ್ಟರಲ್ಲಿ ಎರಡು ದಾರಿಯ ತುಂಬ ಹೆಜ್ಜೆಗಳು. ಒಂದಕ್ಕಿಂತ ಒಂದು ಚೆಂದ. ಎಲ್ಲವೂ ಆಫ್ರಿಕಾದ ಕಡೆಗೆ ನಡೆಯುತ್ತಿದ್ದವು.

“ಅತ್ಯಾ, ಬೆರಳು ಆ ಕಡೆ ಬರಬೇಕಿತ್ತುರಿ. ಆಫ್ರಿಕಾದಿಂದ ಹೊರಗ ಬಂದಾರ ಅಂತ ಮಾಮಾ ಹೇಳಾವ್ರು.”

“ಆಫ್ರಿಕಾ ಗೀಫ್ರಿಕಾ ನನಗ ಗೊತ್ತಿಲ್ಲವಾ. ಆ ಕಡೆ ಏನೈತಿ ನೋಡು.”

“ಗೇಟು.”

“ಮನ್ಯಾಗ ಗೌರಿ ಕುಂತಾಳ. ಇವತ್ತು ಗೇಟಿನ ಕಡೆ ಬೆರಳು ಇಡತಾರೇನು? ಇಡೀ ಬಿಲ್ಡಿಂಗಿನ ಲಕ್ಷ್ಮಿ ರಸ್ತೆಕ್ಕ ಹೋಗಲಿ ಅಂತೀ?”

ನಾನು ಉಳಿದವರ ಮುಖ ನೋಡಿದೆ. ತೆಲುಗು ಹೆಂಗಸರು, ಮಾರವಾಡಿ ಸೊಸೆ, ಓನರು, ಟೆನೆಂಟು, ಎಲ್ಲರೂ ತಲೆಯಾಡಿಸಿದರು. ಲಕ್ಷ್ಮಿಯ ಪಾದ ಹೊರಗೆ ಹೋಗುವಂತೆ ಯಾರಾದರೂ ಬರೆಯುತ್ತಾರೆಯೇ? ಆ ಕಟ್ಟಡದ ಇತಿಹಾಸದಲ್ಲಿ ಒಮ್ಮತದಿಂದ ಪಾಸಾದ ಮೊದಲ ಠರಾವು ಅದು. ಮಾನವಕುಲದ ಕಥೆಗಾಗಿ ಮೇಂಟೆನೆನ್ಸ್ ಕಟ್ಟುವವರ ಲಕ್ಷ್ಮಿಯನ್ನು ಕಳಿಸಿಕೊಡಲು ನನಗೂ ಧೈರ್ಯ ಬರಲಿಲ್ಲ. ನಕಾಶೆಯನ್ನು ತಿರುಗಿಸಿ ಬರೆಯೋಣವೆಂದರೆ ತಂಬೋಲದ ಕುರ್ಚಿಗಳು ಬಂದಾಗಿತ್ತು.

ಮಾವನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮಡಿಚಿದ ಕಾಗದವನ್ನು ಕೈಯಲ್ಲಿ ಹಿಡಿದು ಲಿಫ್ಟಿನಿಂದ ಹೊರಬಂದರು. ಅವರಿಗಿಂತ ಮೊದಲು ನಕಾಶೆ ನೋಡಿದವರು ಅಧ್ಯಕ್ಷರು. ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಅವರ ಮುಖದ ಮೇಲೆ ಫಾರ್ವರ್ಡ್ ಮೆಸೇಜಿಗೆ ಸಾಕ್ಷಿ ಸಿಕ್ಕವರ ತೇಜಸ್ಸು ಮೂಡಿತು. ಮೈಕು ತೆಗೆದುಕೊಂಡು, ನಮ್ಮ ಸರ್ವೇ ಸಾಹೇಬರು ಕೊನೆಗೂ ಸತ್ಯವನ್ನು ಒಪ್ಪಿಕೊಂಡಿದ್ದಾರೆ, ನೋಡಿ, ಹೆಜ್ಜೆಗಳೆಲ್ಲ ಇಲ್ಲಿಂದ ಹೊರಟು ಆಫ್ರಿಕಾಕ್ಕೆ ಹೋಗುತ್ತಿವೆ ಎಂದು ಸಾರಿದರು. ಚಪ್ಪಾಳೆ ಬಿತ್ತು. ತಂಬೋಲದಲ್ಲಿ ಗೆದ್ದವರು ಜೋರಾಗಿ ತಟ್ಟಿದರು.

ಮಾವನವರು ಕೆಳಗೆ ನೋಡಿದರು. ಆ ಬೆರಳುಗಳನ್ನು, ಆಮೇಲೆ ಮಣೆಯ ಮೇಲೆ ಕೂತ ಹೆಂಡತಿಯನ್ನು. ಅತ್ತೆಯವರು ಸೆರಗಿನಿಂದ ಮುಷ್ಟಿ ಒರೆಸಿಕೊಳ್ಳುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಮಾವನವರು ತಿರುಗಿ ಲಿಫ್ಟು ಹತ್ತಿಬಿಡುತ್ತಾರೆ ಎಂದುಕೊಂಡೆ. ಮೂರನೇ ಮಹಡಿಯಲ್ಲಿ ಇಳಿದುಬಿಟ್ಟ ದಿನದ ಮುಖವೇ ಅದು. ಬಚ್ಚಲಿನಲ್ಲಿ ಹರಿದುಹೋದ ನೀರೆಲ್ಲ ನನ್ನ ಕಣ್ಣ ಮುಂದೆ ಬಂತು.

ಅವರು ಕಾಗದವನ್ನು ಜೇಬಿಗೆ ಸೇರಿಸಿದರು. ಮೈಕು ತೆಗೆದುಕೊಂಡು, ಅಧ್ಯಕ್ಷರು ಹೇಳಿದ್ದು ಸರಿ, ಹೆಜ್ಜೆ ಆ ಕಡೆಗಿವೆ, ಹಾಗಾದರೆ ನಾವೂ ಆ ಕಡೆಗೇ ಹೋಗೋಣ ಎಂದರು. ಚಪ್ಪಲಿ ಬಿಟ್ಟು ಎಲ್ಲರೂ ಗೇಟಿನ ಹತ್ತಿರ, ಹೈದರಾಬಾದಿನ ಚುಕ್ಕೆಯ ಬಳಿ ಬನ್ನಿ. ಜನಕ್ಕೆ ಇದು ಯಾವುದೋ ಹೊಸ ಆಟ ಎನಿಸಿತು. ಬಹುಮಾನ ಇರಬಹುದೆಂದು ಎದ್ದು ಬಂದರು.

ಮೊದಲು ಅಧ್ಯಕ್ಷರನ್ನೇ ಕೇಳಿದರು. ಈ ಅಪಾರ್ಟ್‌ಮೆಂಟಿಗೆ ಮೊದಲು ಎಲ್ಲಿದ್ದಿರಿ? ಅಧ್ಯಕ್ಷರು ಊರಿನ ಇನ್ನೊಂದು ಮೂಲೆಯ ಹೆಸರು ಹೇಳಿದರು. ಸ್ವಂತದ್ದೋ? ಅಲ್ಲ, ಬಾಡಿಗೆ. ಹಿಂದಿನ ಸಾಲಿನಲ್ಲಿ ಟೆನೆಂಟುಗಳು ಕೆಮ್ಮಿದರು. ಅದಕ್ಕೂ ಮೊದಲು? ಸಮುದ್ರದ ಹತ್ತಿರ ಒಂದು ಹಳ್ಳಿ. ಅದಕ್ಕೂ ಮೊದಲು? ಕಾಲುವೆ ತೋಡುವಾಗ ತಾತ ಇನ್ನೂ ಕೆಳಗಿನ ಸೀಮೆಯಿಂದ ಬಂದವರಂತೆ. ಅದಕ್ಕೂ ಮೊದಲು? ಅದಕ್ಕೂ ಮೊದಲು ಅಲ್ಲೇ, ಮೊದಲಿಂದ ಅಲ್ಲೇ ಎಂದರು ಅಧ್ಯಕ್ಷರು. ಬದುವಿನ ಮೇಲೆ ನಿಂತ ರೈತನನ್ನು ಕಂಡವರ ಹಾಗೆ ಮಾವನವರ ಕಣ್ಣು ಅರಳಿತು. ಹಾಗಾದರೆ ತಾವು ಅಲ್ಲೇ ನಿಂತಿರಿ ಸಾರ್, ನಾವು ಸ್ವಲ್ಪ ಮುಂದೆ ಹೋಗಿ ಬರುತ್ತೇವೆ ಎಂದು ಬಹಳ ವಿನಯದಿಂದ ಅವರನ್ನು ಪೂರ್ವ ಕರಾವಳಿಯಲ್ಲಿ ಬಿಟ್ಟರು.

ಸಾಲು ಹೆಜ್ಜೆಗಳ ಗುಂಟ ಸಾಗಿತು. ನೆನಪು ನಿಂತಲ್ಲಿ ಜನ ನಿಂತರು. ಕೆಲವರ ವಂಶ ಮುತ್ತಾತನಲ್ಲಿ ಮುಗಿಯಿತು, ಕೆಲವರದು ಒಂದು ಹಾಳು ಕೋಟೆಯಲ್ಲಿ. ಮಾರವಾಡಿ ಸೊಸೆಯನ್ನು ಕೇಳಿದಾಗ ಆಕೆ ತಡೆದಳು: ಯಾವ ಮನೆ ಹೇಳಲಿ, ತವರಿನದೋ ಗಂಡನದೋ? ಮಾವನವರಿಗೆ ಇಡೀ ಸರ್ವಿಸಿನಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಅವರು ನನ್ನ ಕಡೆ ನೋಡಿದರು. ನಾನು ಅತ್ತೆಯವರ ಕಡೆ ನೋಡಿದೆ. ಅತ್ತೆಯವರು ಹಿಟ್ಟಿನ ಬಟ್ಟಲಿನ ಕಡೆ ನೋಡಿದರು.

ಎಣ್ಣೆಯ ಕಲೆಯ ಆಚೆಗೆ ದೊಡ್ಡವರಾರೂ ದಾಟಲಿಲ್ಲ. ಅಷ್ಟರಲ್ಲಿ ಎಲ್ಲರೂ ಅವರವರ ಅಜ್ಜಂದಿರ ಕಥೆ ಶುರು ಮಾಡಿದ್ದರು. ಯಾರ ಊರು ಯಾವ ಅಣೆಕಟ್ಟಿನಲ್ಲಿ ಮುಳುಗಿತು, ಯಾರ ಅಜ್ಜಿ ಎತ್ತಿನ ಗಾಡಿಯಲ್ಲಿ ಬಂದಳು. ಕೂಕಟ್‌ಪಲ್ಲಿಯ ಜನ ಹೀಗೆ ಒಬ್ಬರೊಡನೊಬ್ಬರು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಬ್ಬರದನ್ನೊಬ್ಬರು ಕೇಳಿದರೆಂದು ಹೇಳಲಾರೆ. ಕಥೆ ಹೇಳುವವರೆಲ್ಲ ಮಾವನವರ ತೋಳು ಹಿಡಿದು ಹೇಳಿದರು. ಅರ್ಧ ತಾಸು ಮಾತಾಡಲು ಬಂದವರು ಅರ್ಧ ತಾಸೂ ತಲೆಯಾಡಿಸುತ್ತ ನಿಂತರು. ಮಕ್ಕಳು ಮಾತ್ರ ಆಫ್ರಿಕಾ ತಲುಪಿ, ಲಿಫ್ಟಿನ ಗುಂಡಿ ಒತ್ತಿ, ಮೇಲೆ ಕೆಳಗೆ ಓಡಾಡಿದವು. ಆಮೇಲೆ ಡಾನ್ಸಿನ ಹಾಡು ಹಾಕಿದರು. ಖಂಡಗಳೆಲ್ಲ ಮಕ್ಕಳ ಅಂಗಾಲಿಗೆ ಅಂಟಿಕೊಂಡವು.

ಮೇಲೆ ಬಂದು ಮಾವನವರು ಹೋಳಿಗೆ ತಿಂದರು, ತುಪ್ಪ ಬೇಡವೆಂದರು. ಮರುದಿನ ಬೆಳಿಗ್ಗೆ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಕಾಗದ ಹಾಗೆಯೇ ಇತ್ತು, ಮಡಿಕೆಯೂ ಬಿಚ್ಚಿರಲಿಲ್ಲ. ಅದನ್ನು ತೆಗೆದು ಗೌರಿಯ ಪೀಠದ ಪಕ್ಕ, ಎಲೆಯಡಿಕೆಯ ತಟ್ಟೆಯ ಕೆಳಗೆ ಇಟ್ಟೆ.

ಅಂದು ಗೌರಿ ಹೋಗುವ ದಿನ. ಹೋಗುವುದಕ್ಕೆ ನಮ್ಮಲ್ಲಿ ಹೆಚ್ಚಿನ ಶಾಸ್ತ್ರವಿಲ್ಲ. ಅಕ್ಷತೆ ಹಾಕಿ, ಹಿತ್ತಾಳೆಯ ಮುಖವನ್ನು ಕೂತಲ್ಲೇ ಚೂರು ಅಲುಗಿಸಿದರೆ ಆಯಿತು, ಹೋದಳು. ಮಧ್ಯಾಹ್ನ ಅತ್ತೆಯವರು ಅವಳಿಗೆ ಉಡಿಸಿದ್ದ, ಸುತ್ತ ಕಟ್ಟಿದ್ದ ಸೀರೆಗಳನ್ನು ಬಿಚ್ಚಿ ಮಡಿಚುತ್ತ ಕೂತರು. ತಟ್ಟೆ ಎತ್ತಿದಾಗ ಕಾಗದ ಸಿಕ್ಕಿತು. ಗಂಡನ ಕಡೆ ಚಾಚಿದರು.

“ನಿನ್ನಿ ಇದನ್ನ ಓದಲಿಲ್ಲಲ್ಲಾ. ಓದ್ರಿ.”

“ಯಾರು ಕೇಳವ್ರು?”

“ನಾ ಅದೀನಲ್ಲ. ಸೀರಿ ಮಡಚೂತನಕ ಕೇಳತೀನಿ.”

ಮಾವನವರು ಕನ್ನಡಕ ಹಾಕಿಕೊಂಡರು. ಎದ್ದು ನಿಂತರು. ಕೂತು ಓದಬಹುದಿತ್ತು, ಆದರೆ ನಿಂತರು. ಗಂಟಲು ಸರಿಮಾಡಿಕೊಂಡು ‘ಮಾನ್ಯ ಅಧ್ಯಕ್ಷರೇ’ ಎಂದು ಶುರು ಮಾಡಿದರು. ಅತ್ತೆಯವರು ಸೀರೆ ಮಡಿಚುತ್ತಲೇ ಅಧ್ಯಕ್ಷತೆಯನ್ನು ವಹಿಸಿಕೊಂಡರು. ನಾನು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಬಾಗಿಲಲ್ಲಿ ಬಂದು ನಿಂತೆ. ಉತ್ತರದ ದಾರಿ ಬಂತು, ಮರುಭೂಮಿ ಹಸಿರಾಗಿದ್ದ ಕಾಲ ಬಂತು. ಆಮೇಲೆ ದಕ್ಷಿಣದ ದಾರಿ. ಕೆಂಪು ಸಮುದ್ರ ಕಿರಿದಾಗುವ ಆ ಜಾಗದ ಹೆಸರಿಗೆ ಅರಬಿಯಲ್ಲಿ ಕಣ್ಣೀರಿನ ಬಾಗಿಲು ಎಂದು ಅರ್ಥ ಎಂದು ಓದಿದರು.

“ಕಣ್ಣೀರು ಯಾಕ?” ಎಂದರು ಅತ್ತೆಯವರು.

“ಅಲ್ಲಿ ಸೆಳವು ಭಾಳ. ಹಡಗ ಮುಳಗತಿದ್ವಂತ. ಅದಕ್ಕ.”

ಅತ್ತೆಯವರು ಸೀರೆಯ ಅಂಚಿಗೆ ಅಂಚು ಕೂಡಿಸಿದರು.

“ನಾ ಲಗ್ನಾಗಿ ನಿಮ್ಮ ಮನಿಗೆ ಬಂದಾಗ ನಿಮ್ಮವ್ವ ಹೊಸ್ತಲಿಂದ ದೇವರ ಮನೀತನಕ ನನ್ನ ಹೆಜ್ಜಿ ಮೂಡಿಸಿದ್ರು, ಕುಂಕುಮದ ನೀರಾಗ. ಎಲ್ಲಾರೂ ನೋಡಿದ್ರು. ಬೀದರದಾಗ ನಮ್ಮ ಮನಿಂದ ಹೊರಗ ಬಂದ ಹೆಜ್ಜಿ ಯಾರೂ ಮೂಡಿಸಲಿಲ್ಲ. ಹೊಳ್ಳಿ ನೋಡಬ್ಯಾಡ ಅಂದ್ರು, ಅಷ್ಟ.” ಸೀರೆಯನ್ನು ಪಕ್ಕಕ್ಕಿಟ್ಟರು. “ಹೂಂ, ಮುಂದ ಓದ್ರಿ.”

ಮಾವನವರು ಸ್ವಲ್ಪ ಹೊತ್ತು ಸಾಲು ಹುಡುಕಿದರು. ಆಮೇಲೆ ಕೊನೆಯವರೆಗೂ ಓದಿದರು. ಸೀರೆಗಳು ಅದಕ್ಕಿಂತ ಬಹಳ ಮೊದಲೇ ಮಡಿಚಿ ಮುಗಿದಿದ್ದವು. ಅತ್ತೆಯವರು ಒಂದನ್ನು ಬಿಚ್ಚಿ ಮತ್ತೆ ಮಡಿಚುತ್ತಿದ್ದರು.

ಸಂಜೆ ಆರತಿಗೆಂದು ಮೂವರೂ ಇಳಿದೆವು. ಲಿಫ್ಟಿನ ಕನ್ನಡಿಯ ಪಕ್ಕ ಹೊಸ ಕಾಗದ ಬಂದಿತ್ತು: ಮುಂದಿನ ವರ್ಷದಿಂದ ನೆಲದ ಮೇಲೆ ರಂಗೋಲಿ ಹಾಕುವವರು ಅಸೋಸಿಯೇಷನ್ನಿನ ಅನುಮತಿ ಪಡೆಯತಕ್ಕದ್ದು. ಹಳೆಯದು ಅದರ ಕೆಳಗೆ ಹಾಗೆಯೇ ಇತ್ತು. ಮಾವನವರು ಎರಡನ್ನೂ ಓದಿದರು. ಈ ಸಲ ಅವರು ಮೂರನೇ ಮಹಡಿಯಲ್ಲಿ ಇಳಿಯಲಿಲ್ಲ. ಸಿನಾಯ್ ದಾರಿಯ ಬಗ್ಗೆ ಅತ್ತೆಯವರು ಎತ್ತಿದ್ದ ಒಂದು ಸಂಶಯಕ್ಕೆ ಉತ್ತರ ಕೊಡುತ್ತಿದ್ದರು.

ಸೆಲ್ಲಾರನ್ನು ತೊಳೆದಿದ್ದರು. ನಕಾಶೆಯ ಗುರುತಿರಲಿಲ್ಲ. ಅಧ್ಯಕ್ಷರ ಕಾರು ಎಲ್ಲಿಗೋ ಹೋಗಿತ್ತು. ಅದು ಇದ್ದ ಜಾಗಕ್ಕೆ ಪೈಪಿನ ನೀರು ತಲುಪಿರಲಿಲ್ಲ, ಅಲ್ಲಿ ಒಣ ನೆಲದ ಮೇಲೆ ಬೆಳ್ಳಗೆ ಏನೋ ಕಂಡಿತು. ಬಗ್ಗಿ ನೋಡಿದೆ. ಪುಟ್ಟ ಪುಟ್ಟ ಹೆಜ್ಜೆಗಳು. ಡಾನ್ಸಿನ ಗದ್ದಲದಲ್ಲಿ ಮಕ್ಕಳು ಅತ್ತೆಯವರ ಬಟ್ಟಲು ಎತ್ತಿಕೊಂಡು ಕಾರಿನ ಕೆಳಗೆ ತೂರಿ ಒತ್ತಿದ್ದಿರಬೇಕು. ಕೆಲವಕ್ಕೆ ನಾಲ್ಕೇ ಬೆರಳು, ಒಂದಕ್ಕೆ ಏಳು. ನಾನು ಬಿಟ್ಟಿದ್ದ ಆಸ್ಟ್ರೇಲಿಯಾದ ಕಡೆಗೆ, ಗೇಟಿಗೆ ಮುಖ ಮಾಡಿ, ಸಾಲಾಗಿ ಹೊರಟಿದ್ದವು.

ಅತ್ತೆಯವರೂ ನೋಡಿದರು. ನಾನು ಒರೆಸಲು ಬಟ್ಟೆ ತರಲೇ ಎಂದು ಕೇಳಿದೆ.

“ಬ್ಯಾಡ,” ಎಂದರು. ಹೋಗುವ ದಾರಿಯಲ್ಲಿ ಮಾವನವರ ಮೊಣಕೈ ಹಿಡಿದು ಒಂದಿಷ್ಟು ಪಕ್ಕಕ್ಕೆ ಎಳೆದುಕೊಂಡರು. “ನೋಡಿ ನಡೀರಿ. ತುಳದೀರಿ.”